ಒಕ್ಕಣೆ ಕಣಕ್ಕೂ ಟ್ರ್ಯಾಕ್ಟರ್ ಷೆಡ್ಡಿಗೂ ಬಾಳಿಕೆಯ ಸಿಮೆಂಟು ನೆಲ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೪೫೦ ರಿಂದ ೭೨೦ ಮಿ.ಮೀ. ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ಮುಂಗಾರಿನಲ್ಲಿ ಬಿತ್ತಿದ ನೆಲಗಡಲೆ ಕೀಳಲು ಬರುವುದೂ ಆಗಲೇ. ಆಗಸ್ಟಿನಲ್ಲಿ ಒಂದು ಹದ ಮಳೆಗಾಗಿ ಬಾಯಿ ಬಿಟ್ಟುಕೊಂಡಿದ್ದ ಬೆಳೆಗೆ, ಕಿತ್ತು ಕಣಕ್ಕೆ ತಂದ ಮೇಲೆ ಮಳೆ ಹೊಡೆಯುವುದನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಟಿ.ಎಂ.ವಿ-೨ ಗೊಂಚಲು ಜಾತಿಯ ತಳಿ. ಇದರ ಬೀಜಕ್ಕೆ ಸುಪ್ತಾವಸ್ಥೆ ಇಲ್ಲವಾದುದರಿಂದ ಹಸಿ ನೆಲದಲ್ಲಿ ಕೆಲವು ದಿನ ಬಿದ್ದಿದ್ದರೆ ಕಾಯಿಯೊಳಗೇ ಮೊಳಕೆ ಬರುತ್ತದೆ. ಮೊಳಕೆ ಬಾರದಿದ್ದರೂ ಬೂಷ್ಟು ಹಿಡಿಯುವ ಭಯವಿದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ನೆಲಗಡಲೆಯ ಮೇಲೆ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ನೆಲಗಡಲೆ ಹಿಂಡಿಯಿಂದಲೇ ಈ ವಿಷ ಮೊದಲು ಪತ್ತೆಯಾಯಿತು. ಈ ವಿಷ ಮನುಷ್ಯರ ಯಕೃತ್ತಿಗೂ ಹಾನಿಕರ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಿತ್ತ ಕಾಯಿಯನ್ನು ಬೇಗ, ಸ್ವಚ್ಛವಾದ ಮತ್ತು ನೀರು ನಿಲ್ಲದ ನೆಲದ ಮೇಲೆ ಒಣಗಿಸುವುದು ಗೊಬ್ಬರ ಹಾಕುವಷ್ಟೇ ಮುಖ್ಯ ಬೇಸಾಯ ಕ್ರಮ.

ಕಣವಿಲ್ಲದವರು ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ರಾಗಿ, ಹುರುಳಿ, ತೊಗರಿಯನ್ನು ರಸ್ತೆಗೆ ಹರಡಿ ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವುದು ಖರ್ಚಿಲ್ಲದ ದಾರಿಯೆಂದು ತೋರಬಹುದು. ಹುರುಳಿ ಸೊಪ್ಪಿನ ಮೇಲೆ ದ್ವಿಚಕ್ರ ವಾಹನ ಜಾರಿದರೆ ಸವಾರನ ಪ್ರಾಣವೇ ಹೋಗುತ್ತದೆ. ಕಾಳಿನಲ್ಲಿ ಡಾಂಬರಿನ ಚೂರು, ಎಣ್ಣೆಯ ಜಿಡ್ಡು ಸೇರುವುದು ಬೇರೆ. ಇದನ್ನು ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ.

ಈ ಕಾರಣಗಳಿಂದ ಸಿಮೆಂಟು ಕಣಗಳು ಹೆಚ್ಚುತ್ತಿರುವುದು ಸಂತೋಷದ ವಿಷಯ. ಹಲವು ಊರುಗಳಲ್ಲಿ ಗ್ರಾಮ ಪಂಚಾಯಿತಿಯ ಸಮುದಾಯ ಕಣಗಳೂ ಆಗಿವೆ. ಆದರೆ ಎಷ್ಟೋ ಕಣಗಳು ಎರಡು ಮೂರು ಸುಗ್ಗಿ ಕಳೆಯುವುದರೊಳಗೆ ಮೇಲ್ಪದರ ಎದ್ದು, ಗುಡಿಸಿದಷ್ಟೂ ಸಿಮೆಂಟಿನ ಪುಡಿ ಬರುವ ಸ್ಥಿತಿಗೆ ಬರುತ್ತವೆ. ಆಗ ರೈತರು ಕೇಳುವ ಪ್ರಶ್ನೆ ಒಂದೇ: “ಮೇಲೆ ಏನು ಬಳಿದರೆ ನಿಲ್ಲುತ್ತದೆ?” ಅಂಗಡಿಯಲ್ಲಿ ಇದಕ್ಕೆ ಹತ್ತು ಉತ್ತರಗಳಿವೆ. ನೆಲದ ಬಾಳಿಕೆ ಮೇಲೆ ಬಳಿಯುವ ವಸ್ತುವಿಗಿಂತ ಹೆಚ್ಚಾಗಿ ಕಾಂಕ್ರೀಟು ಹಾಕಿದ ದಿನ ಮತ್ತು ಅನಂತರದ ಎರಡು ವಾರಗಳಲ್ಲಿ ಏನು ಮಾಡಲಾಯಿತು ಎಂಬುದನ್ನು ಅವಲಂಬಿಸಿದೆ. ಈ ಲೇಖನದಲ್ಲಿ ಮೊದಲು ಅದನ್ನೂ, ಬಳಿಕ ಬಳಿಯುವ ವಸ್ತುಗಳನ್ನೂ ನೋಡೋಣ.

ಮಣ್ಣಿನ ಕಣ, ಚಪ್ಪಡಿ ಕಣ

ಹಿಂದಿನಿಂದ ಬಂದ ಮಣ್ಣಿನ ಕಣವನ್ನು ಹೀಗಳೆಯಬೇಕಾಗಿಲ್ಲ. ಕೆಂಪು ಮಣ್ಣನ್ನು ನೆನೆಸಿ, ದಿಮ್ಮಿಸಿ, ರೋಣಗಲ್ಲು ಉರುಳಿಸಿ, ಸಗಣಿ ಬಗ್ಗಡದಿಂದ ಸಾರಿಸಿದ ಕಣ ಒಂದು ಸುಗ್ಗಿಗೆ ಧಾರಾಳವಾಗಿ ಬರುತ್ತದೆ. ಅರ್ಧ ಎಕರೆ ರಾಗಿ ಬೆಳೆಯುವವರು ಸಾಲ ಮಾಡಿ ಸಿಮೆಂಟು ಕಣ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಒಳ್ಳೆಯ ಟಾರ್ಪಾಲು ಒಂದನ್ನು ಕೊಳ್ಳುವುದೇ ಮೇಲು. ರಾಗಿ ಒಕ್ಕುವುದು ಡಿಸೆಂಬರ್ ಬಳಿಕ, ಮಳೆ ಕಡಿಮೆಯಾದ ಮೇಲೆ. ನೆಲಗಡಲೆಯ ಕಾಲಕ್ಕೆ ಮಾತ್ರ ಮಣ್ಣಿನ ಕಣ ನಿಲ್ಲುವುದಿಲ್ಲ. ಒಂದು ಮಳೆಗೆ ಕೆಸರಾಗುತ್ತದೆ, ಹಸಿ ಮಣ್ಣಿನಲ್ಲಿರುವ ಬೂಷ್ಟು ಕಾಯಿಗೆ ಅಂಟುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕಲ್ಲಿಗೆ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ ಎರಡೂ ಗಟ್ಟಿ ಕಲ್ಲಿನವು. ಹತ್ತಿರದಲ್ಲೇ ಕಲ್ಲು ಚಪ್ಪಡಿ ಸಿಗುವವರು ಸಿಮೆಂಟಿನ ಬೆಲೆಯೊಡನೆ ಒಮ್ಮೆ ತಾಳೆ ನೋಡಬೇಕು. ಕಲ್ಲು ಸವೆಯುವುದಿಲ್ಲ, ಪುಡಿಯಾಗುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅದರ ದೋಷವಿರುವುದು ಸಂದುಗಳಲ್ಲಿ. ಸಂದು ಬಿಟ್ಟರೆ ರಾಗಿ ಅಲ್ಲಿ ಇಳಿದು ಇರುವೆ, ಇಲಿಗಳ ಪಾಲಾಗುತ್ತದೆ. ಒಂದು ಭಾಗ ಸಿಮೆಂಟಿಗೆ ಮೂರು ಭಾಗ ಮರಳಿನ ಗಾರೆಯಿಂದ ಸಂದು ತುಂಬಿ, ಕೆಲವು ವರ್ಷಗಳಿಗೊಮ್ಮೆ ರಿಪೇರಿ ಮಾಡಬೇಕಾಗುತ್ತದೆ.

ಮೇಲ್ಮೈ ಪುಡಿಯಾಗಲು ಕಾರಣ

ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಇದಕ್ಕೆ ಬೇಕಾದ ನೀರು ಬಹಳ ಕಡಿಮೆ. ೫೦ ಕೆ.ಜಿ. ಚೀಲ ಒಂದಕ್ಕೆ ೨೫ ಲೀಟರ್ ಸಾಕು. ೨೭ ಲೀಟರಿಗಿಂತ ಹೆಚ್ಚಾಗಕೂಡದು. ಮರಳು ಒದ್ದೆಯಾಗಿದ್ದರೆ ಇನ್ನೂ ಕಡಿಮೆ ಮಾಡಬೇಕು. ಆದರೆ ಕೆಲಸದ ಜಾಗದಲ್ಲಿ ನಡೆಯುವುದು ಬೇರೆ. ಕಾಂಕ್ರೀಟು ಸಲೀಸಾಗಿ ಹರಿದು ಹರಡಿಕೊಳ್ಳಲೆಂದು ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹೆಚ್ಚಾದ ನೀರು ಒಳಗೆ ನಿಲ್ಲಲಾರದೆ ಮೇಲಕ್ಕೆ ಏರುತ್ತದೆ, ಏರುವಾಗ ಸಿಮೆಂಟಿನ ನುಣುಪು ಮತ್ತು ಮರಳಿನ ಧೂಳನ್ನು ಹೊತ್ತು ತರುತ್ತದೆ. ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಾಂಕ್ರೀಟಿನ ಮೇಲೆ ಒಂದು ತೆಳುವಾದ, ಬಲವಿಲ್ಲದ ಪೊರೆ ಕಟ್ಟುತ್ತದೆ. ನಾವು ಒಕ್ಕುವುದು, ತೂರುವುದು, ಟ್ರ್ಯಾಕ್ಟರ್ ಓಡಿಸುವುದು ಎಲ್ಲವೂ ಈ ಪೊರೆಯ ಮೇಲೆ.

ಇದರ ಮೇಲೆ ಇನ್ನೊಂದು ತಪ್ಪು ರೂಢಿಯಿದೆ. ಮೇಲೆ ನಿಂತ ನೀರನ್ನು ಹೀರಿಸಲು ಒಣ ಸಿಮೆಂಟನ್ನು ಚಿಮುಕಿಸಿ, ಕೂಡಲೇ ಕರಣೆಯಿಂದ ತಿಕ್ಕಿ ಕನ್ನಡಿಯಂತೆ ಮಾಡುವುದು. ಮನೆಯ ಯಜಮಾನನಿಗೂ ಆ ಹೊಳಪು ಮೆಚ್ಚುಗೆಯಾಗುತ್ತದೆ. ಆದರೆ ಕೆಳಗಿನ ಕಾಂಕ್ರೀಟಿಗೂ ಮೇಲಿನ ಬರಿ ಸಿಮೆಂಟಿನ ಪದರಕ್ಕೂ ಕುಗ್ಗುವ ಪ್ರಮಾಣ ಬೇರೆ ಬೇರೆ. ಕೆಲವೇ ವಾರಗಳಲ್ಲಿ ಜೇಡರ ಬಲೆಯಂತೆ ಬಿರುಕು ಕಾಣುತ್ತದೆ, ಬಳಿಕ ಹಪ್ಪಳದಂತೆ ಏಳುತ್ತದೆ. ನಯವಾದ ನೆಲವೆಲ್ಲ ಗಟ್ಟಿ ನೆಲವಲ್ಲ. ಮೇಸ್ತ್ರಿಗೆ ಈ ಮಾತನ್ನು ಕೆಲಸ ಆರಂಭಿಸುವ ಮುಂಚೆಯೇ ತಿಳಿಸಿಡಬೇಕು, ಸಿಮೆಂಟು ಚಿಮುಕಿಸಲು ಕೈ ಎತ್ತಿದಾಗ ಅಲ್ಲ.

ಮೂರನೆಯ ಕಾರಣ ಮರಳಿನ ಧೂಳು. ಜಯಮಂಗಲಿ, ಉತ್ತರ ಪಿನಾಕಿನಿ ಪಾತ್ರಗಳ ಮರಳು ಮಳೆ ನೀರನ್ನು ಹಿಡಿದು ಪಕ್ಕದ ಬಾವಿಗಳಿಗೆ ಇಳಿಸುವಂಥದ್ದು. ಅದನ್ನು ಬಗೆದು ತೆಗೆದರೆ ನಮ್ಮ ಕೊಳವೆ ಬಾವಿಗೇ ಕೊಡಲಿ ಹಾಕಿದಂತೆ. ಈಗ ದೊರೆಯುವ ಎಂ-ಸ್ಯಾಂಡ್ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ. ಆದರೆ ತೊಳೆಯದ, ಕ್ರಷರಿನ ಬೂದಿಯಂಥ ಪುಡಿ ಬೆರೆತ ಸರಕು ಬೇಡ. ಗಾಜಿನ ಸೀಸೆಯಲ್ಲಿ ಅರ್ಧ ಮರಳು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಅಲ್ಲಾಡಿಸಿ ಮೂರು ಗಂಟೆ ಬಿಡಿ. ಮೇಲೆ ನಿಂತ ಮೆತ್ತನೆಯ ಪದರ ಮರಳಿನ ಎತ್ತರದ ನೂರಕ್ಕೆ ೮ ಭಾಗಕ್ಕಿಂತ ಹೆಚ್ಚಾಗಿದ್ದರೆ ಆ ಲೋಡನ್ನು ಹಿಂದಕ್ಕೆ ಕಳಿಸಬಹುದು.

ತಳ ಮತ್ತು ಇಳಿಜಾರು

ನಮ್ಮ ಕೆಂಪು ಮಣ್ಣಿನ ಮೇಲೆ ತಳ ಮಾಡುವುದು ಸುಲಭ. ಮೇಲಿನ ಸಡಿಲ ಮಣ್ಣನ್ನು, ಬೇರುಗಳನ್ನು ತೆಗೆದು, ನಾಲ್ಕರಿಂದ ಆರು ಅಂಗುಲ ಗರಸು ಹರಡಿ, ನೀರು ಹೊಡೆದು ಚೆನ್ನಾಗಿ ದಿಮ್ಮಿಸಬೇಕು. ಶಿರಾ, ಪಾವಗಡಗಳ ಕೆಲವು ಕಡೆ ಇರುವ ಎರೆ ಭೂಮಿಯಲ್ಲಿ ಇಷ್ಟು ಸಾಲದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದನ್ನು ಒಂದೂವರೆ ಎರಡು ಅಡಿ ಆಳಕ್ಕೆ ತೆಗೆದು ಗರಸು ತುಂಬಬೇಕು. ಜಾಗ ಆರಿಸಿಕೊಳ್ಳುವ ಅವಕಾಶವಿದ್ದರೆ ಎರೆಯನ್ನು ಬಿಟ್ಟು ದಿಣ್ಣೆಯ ಕೆಂಪು ನೆಲವನ್ನು ಆರಿಸುವುದು ಜಾಣತನ. ದಿಣ್ಣೆಯ ಮೇಲೆ ತೂರಲು ಗಾಳಿಯೂ ಸಿಗುತ್ತದೆ.

ಸಾಧಾರಣ ಹಿಡುವಳಿಗೆ ೩೦ ಅಡಿ ಅಗಲ, ೪೦ ಅಡಿ ಉದ್ದದ ಕಣ ಸಾಕು. ದಪ್ಪ ೪ ಅಂಗುಲ. ತುಂಬಿದ ಟ್ರೈಲರ್ ಮೇಲೆ ಬರುವುದಾದರೆ ೫ ಅಂಗುಲ ಬೇಕು, ಅಂಚು ಎರಡೂ ಸಂದರ್ಭಗಳಲ್ಲಿ ೮ ಅಂಗುಲವಿರಲಿ. ಒಂದು ಭಾಗ ಸಿಮೆಂಟು, ಎರಡು ಭಾಗ ಮರಳು, ನಾಲ್ಕು ಭಾಗ ಮುಕ್ಕಾಲು ಅಂಗುಲದ ಜಲ್ಲಿಯ ಮಿಶ್ರಣದಲ್ಲಿ ೪ ಅಂಗುಲದ ಇಂಥ ಕಣಕ್ಕೆ ಸುಮಾರು ೭೨ ಚೀಲ ಸಿಮೆಂಟು ಹಿಡಿಯುತ್ತದೆ. ಅಂಚಿನ ದಪ್ಪಕ್ಕೆ ಕೆಲವು ಚೀಲ ಹೆಚ್ಚು. ಸಿಮೆಂಟು ಉಳಿಸಲು ಕೆಳಗೆ ತೆಳುವಾದ ಮಿಶ್ರಣ ಹಾಕಿ, ಗಟ್ಟಿಯಾದ ಮೇಲೆ ಒಂದು ಅಂಗುಲ ಗಾರೆ ಬಳಿಯುವವರಿದ್ದಾರೆ. ಎರಡು ಪದರ ಒಂದಕ್ಕೊಂದು ಹಿಡಿಯದೆ ತಟ್ಟಿದರೆ ಡಬ್ಬದಂತೆ ಸದ್ದು ಮಾಡುವ ನೆಲ ಬರುವುದು ಇದರಿಂದಲೇ. ಪೂರ್ತಿ ದಪ್ಪವನ್ನು ಒಂದೇ ಸಲ ಹಾಕುವುದು ಲೇಸು.

ಅಗಲದ ಮಧ್ಯದಲ್ಲಿ ಎತ್ತರ ಮಾಡಿ ಎರಡು ಪಕ್ಕಕ್ಕೂ ಎರಡೆರಡು ಅಂಗುಲ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ. ಇಳಿದ ನೀರನ್ನು ವ್ಯರ್ಥ ಮಾಡಬೇಕಾಗಿಲ್ಲ. ೫೦೦ ಮಿ.ಮೀ. ಮಳೆಯ ವರ್ಷದಲ್ಲಿ ಈ ಅಳತೆಯ ಕಣದಿಂದ ಸುಮಾರು ೪೦ ಸಾವಿರ ಲೀಟರ್ ನೀರು ಇಳಿಯುತ್ತದೆ. ೨೦೧೪ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡ ಮಾಡಿಸಿಕೊಂಡವರು ಕಣವನ್ನು ಅದರ ಮೇಲುಗಡೆ ಮಾಡಿದರೆ ಎರಡು ಕೆಲಸವಾಗುತ್ತದೆ.

ಇಡೀ ಕಣವನ್ನು ಒಂದೇ ಹಾಸಾಗಿ ಹಾಕಿದರೆ ಅದು ತನಗೆ ಬೇಕಾದ ಕಡೆ ಬಿರಿಯುತ್ತದೆ. ಹತ್ತು ಅಡಿ ಚೌಕಗಳಾಗಿ ಹನ್ನೆರಡು ಅಂಕಣ ಮಾಡಿ, ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದನ್ನು ಮೊದಲ ದಿನ ಹಾಕಿ, ಎರಡು ದಿನದ ಮೇಲೆ ಉಳಿದವನ್ನು ತುಂಬಬೇಕು. ಮೊದಲು ಹಾಕಿದ ಅಂಕಣದ ಅಂಚಿಗೆ ತೆಳುವಾಗಿ ಡಾಂಬರು ಬಳಿದರೆ ಸಾಕು. ಅಗಲವಾದ ಸಂದು ಬಿಟ್ಟು ಡಾಂಬರು ತುಂಬಿದರೆ ಬಿಸಿಲಿಗೆ ಕರಗಿ ಕಾಳಿಗೆ ಮೆತ್ತಿಕೊಳ್ಳುತ್ತದೆ. ಇನ್ನೂ ಎತ್ತು ಕಟ್ಟಿ ಒಕ್ಕುವವರು ನಡುವೆ ಮೇಟಿಗೆ ಕುಳಿ ಬಿಡುವುದನ್ನು ಮರೆಯಬಾರದು. ಆಮೇಲೆ ಒಡೆದು ಮಾಡಿದ ಕುಳಿಯಿಂದಲೇ ಬಿರುಕು ಹೊರಡುತ್ತದೆ.

ಮೇಲ್ಮೈ ಮುಗಿಸುವ ಕ್ರಮ

ಕಾಂಕ್ರೀಟನ್ನು ಮಟ್ಟಗೋಲಿನಿಂದ ಕುಟ್ಟಿ ಸಮ ಮಾಡಿದ ಮೇಲೆ ಕೈ ಕಟ್ಟಿ ಕುಳಿತುಕೊಳ್ಳಬೇಕು. ಇಡೀ ಕೆಲಸದಲ್ಲಿ ಇದೇ ಕಷ್ಟದ ಭಾಗ, ಏಕೆಂದರೆ ಕೆಲಸದವರಿಗೆ ಮುಗಿಸಿ ಹೋಗುವ ಆತುರ. ಮೇಲಿನ ನೀರಿನ ಹೊಳಪು ತಾನಾಗಿ ಆರಿ, ಹೆಬ್ಬೆರಳು ಒತ್ತಿದರೆ ಕಾಲು ಅಂಗುಲಕ್ಕಿಂತ ಆಳ ಇಳಿಯದ ಹದಕ್ಕೆ ಬರಬೇಕು. ಹವೆಯನ್ನು ಅನುಸರಿಸಿ ಒಂದರಿಂದ ಮೂರು ಗಂಟೆ ಹಿಡಿಯಬಹುದು. ಆಗ ಮರದ ಮಣೆಯಿಂದ ಒತ್ತಿ ತಿಕ್ಕಿ, ಸ್ವಲ್ಪ ಬಿಗಿದ ಮೇಲೆ ಉಕ್ಕಿನ ಕರಣೆಯನ್ನು ಒಂದೆರಡು ಸಲ ಗಟ್ಟಿಯಾಗಿ ಎಳೆದರೆ ಕಣಕ್ಕೆ ತಕ್ಕ ಮೇಲ್ಮೈ ಸಿದ್ಧವಾಗುತ್ತದೆ. ರಾಗಿ ಕಾಳು ಸಿಕ್ಕಿಕೊಳ್ಳದಷ್ಟು ನಯ, ಟ್ರ್ಯಾಕ್ಟರ್ ಗಾಲಿಯೂ ಮನುಷ್ಯರ ಕಾಲೂ ಜಾರದಷ್ಟು ಒರಟು ಇರಬೇಕು. ಗಾಡಿ ಹತ್ತುವ ಇಳಿಜಾರಿನಲ್ಲಿ ಮಾತ್ರ ಕಡ್ಡಿ ಪೊರಕೆ ಎಳೆದು ಗೀರು ಮಾಡಬೇಕು. ರೆಡ್ ಆಕ್ಸೈಡ್ ಮನೆಯ ಪಡಸಾಲೆಗೆ ಚೆಂದ, ಕಣಕ್ಕೆ ಬೇಡ.

ಗಿರಣಿ, ವರ್ಕ್‌ಷಾಪುಗಳಲ್ಲಿ ಹಸಿ ಕಾಂಕ್ರೀಟಿನ ಮೇಲೆ ಹರಡಿ ತಿಕ್ಕುವ ಫ್ಲೋರ್ ಹಾರ್ಡನರ್ ಪುಡಿಗಳಿವೆ. ಚದರ ಮೀಟರಿಗೆ ೩ ರಿಂದ ೫ ಕೆ.ಜಿ. ಹಾಕುತ್ತಾರೆ. ಒಳ್ಳೆಯ ವಸ್ತುವೇ ಹೌದು. ಆದರೆ ವರ್ಷಕ್ಕೆ ಒಂದೂವರೆ ತಿಂಗಳು ಬಳಸುವ ಕಣಕ್ಕೆ ಅಷ್ಟು ಖರ್ಚು ಸಲ್ಲದು.

ನೀರುಣಿಸುವುದು

ಬಹುಪಾಲು ಕಣಗಳು ಕೆಡುವುದು ಇಲ್ಲಿ. ಭಾರತೀಯ ಮಾನಕ ೪೫೬ರ ಪ್ರಕಾರ ಒಣ, ಬಿಸಿ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ ೧೦ ದಿನ ಒದ್ದೆಯಾಗಿಡಬೇಕು. ಹಾರುಬೂದಿ ಬೆರೆತ ಸಿಮೆಂಟಾದರೆ ೧೪ ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೆರಕೆ ಸಿಮೆಂಟೇ ಆದ್ದರಿಂದ ಎರಡು ವಾರ ಎಂದೇ ಲೆಕ್ಕವಿಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸಂಜೆ ಒಂದು ಕೊಡ ಚಿಮುಕಿಸಿದರೆ ನೀರುಣಿಸಿದಂತಾಗುವುದಿಲ್ಲ. ನಡುವೆ ಒಣಗಿದರೆ ಮೇಲಿನ ಕಾಲು ಅಂಗುಲದಲ್ಲಿ ಸಿಮೆಂಟು ಅರೆಬರೆಯಾಗಿ ನಿಲ್ಲುತ್ತದೆ.

ಪಾತಿ ಕಟ್ಟಿ ಒಂದು ಅಂಗುಲ ನೀರು ನಿಲ್ಲಿಸಲು ಈ ಕಣಕ್ಕೆ ೨,೮೦೦ ಲೀಟರ್ ಬೇಕು. ಬಿಸಿಲಿಗೆ ದಿನವೂ ಆರೇಳು ನೂರು ಲೀಟರ್ ಆರಿಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಪಾವಗಡದ ಹಳ್ಳಿಗಳಲ್ಲಿ ಇದು ಆಗದ ಮಾತು. ಒದ್ದೆ ಗೋಣಿಚೀಲ ಇಲ್ಲವೆ ರಾಗಿ ಹುಲ್ಲು ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಹೇರಿದರೆ ನೀರಿನ ಖರ್ಚು ಬಹಳ ಇಳಿಯುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಕಾಲ ನೋಡಿ ಕೆಲಸ ಮಾಡುವುದು. ಆಗಸ್ಟಿನಲ್ಲಿ ಬಿತ್ತನೆಯ ಗಡಿಬಿಡಿ ಮುಗಿದಿರುತ್ತದೆ, ಮೋಡವಿರುತ್ತದೆ. ೨೮ ದಿನ ಕಳೆದು ಅಕ್ಟೋಬರಿಗೆ ಕಣ ಒಕ್ಕಣೆಗೆ ಸಿದ್ಧವಾಗಿರುತ್ತದೆ. ಯುಗಾದಿಯ ಬಿಸಿಲಿನಲ್ಲಿ ಹಾಕಿಸುವುದು ಮಾತ್ರ ಬೇಡ.

ಟ್ರ್ಯಾಕ್ಟರ್ ಷೆಡ್ಡು

ಷೆಡ್ಡಿನ ನೆಲದ ಕಷ್ಟಗಳು ಬೇರೆ: ಡೀಸಲ್, ಎಂಜಿನ್ ಎಣ್ಣೆ, ಕಬ್ಬಿಣದ ಕೇಜ್ ವೀಲ್, ನೆಲಕ್ಕೆ ಇಳಿಸಿದ ರೋಟವೇಟರಿನ ಅಲಗು. ಮೊದಲ ಎರಡರಿಂದ ಒಳ್ಳೆಯ ಕಾಂಕ್ರೀಟಿಗೆ ಹೆಚ್ಚಿನ ಹಾನಿಯಿಲ್ಲ, ಕಲೆಯಾಗುತ್ತದೆ ಮತ್ತು ಜಾರುತ್ತದೆ. ಚೆಲ್ಲಿದ ಕೂಡಲೇ ಒಲೆಯ ತಣ್ಣನೆಯ ಬೂದಿ ಹಾಕಿ ಹೀರಿಸಿ ತೆಗೆಯಬೇಕು. ಕೊನೆಯ ಎರಡಕ್ಕೆ ಯಾವ ಬಣ್ಣವೂ ಮದ್ದಲ್ಲ, ಕೆಳಗೆ ಹಲಗೆ ಹಾಕುವುದೇ ಮದ್ದು. ಷೆಡ್ಡಿನ ಮೂಲೆಯಲ್ಲಿ ಗೊಬ್ಬರದ ಚೀಲ ಒಟ್ಟುವವರು ಬಹಳ. ಅಮೋನಿಯಂ ಸಲ್ಫೇಟಿನಂಥ ಗೊಬ್ಬರ ತೇವ ಹೀರಿ ನೀರೊಡೆದರೆ ಕಾಂಕ್ರೀಟನ್ನು ನಿಜವಾಗಿಯೂ ತಿನ್ನುತ್ತದೆ, ಆದ್ದರಿಂದ ಚೀಲಗಳನ್ನೂ ಹಲಗೆಯ ಮೇಲೆಯೇ ಇಡತಕ್ಕದ್ದು.

ಬಣ್ಣ ಬಳಿಯಬೇಕೆನ್ನುವವರು ಎರಡು ಸಂಗತಿ ತಿಳಿದಿರಬೇಕು. ಕಿಟಕಿ ಬಾಗಿಲಿಗೆ ಹೊಡೆಯುವ ಎನಾಮೆಲ್ ಬಣ್ಣದಲ್ಲಿ ಎಣ್ಣೆಯ ಅಂಶವಿರುತ್ತದೆ. ಕಾಂಕ್ರೀಟು ಸುಣ್ಣದಂತೆ ಕ್ಷಾರಗುಣದ್ದು. ಎರಡೂ ಕೂಡಿ ಸಾಬೂನಿನಂಥ ವಸ್ತುವಾಗಿ ಬಣ್ಣ ಸುಲಿದು ಬರುತ್ತದೆ. ಎಪಾಕ್ಸಿ ಬಣ್ಣಕ್ಕೆ ಈ ದೋಷವಿಲ್ಲ. ಎಣ್ಣೆ, ಡೀಸಲಿಗೂ ಬಗ್ಗದು. ಆದರೆ ಅದು ಕೆಳಗಿನಿಂದ ಏರುವ ತೇವವನ್ನು ತಾಳದೆ ಬೊಕ್ಕೆ ಏಳುತ್ತದೆ, ನೇರ ಬಿಸಿಲಿಗೆ ಹಳದಿಯಾಗಿ ಪುಡಿಯುದುರುತ್ತದೆ. ಆದ್ದರಿಂದ ತೆರೆದ ಕಣಕ್ಕೆ ಎಪಾಕ್ಸಿ ಹಣ ಕಳೆದುಕೊಳ್ಳುವ ದಾರಿ. ಷೆಡ್ಡಿಗೆ ಹಾಕಿಸುವ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೆಗೆದಾಗ ಕೆಳಗೆ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಬಣ್ಣದ ಯೋಚನೆ ಬಿಡುವುದು ಒಳ್ಳೆಯದು. ಹೊಸದಾಗಿ ಷೆಡ್ಡು ಕಟ್ಟುವವರು ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಹಾಕಿಸಿದರೆ ತೇವದ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆಗ ನೀರು ಕೆಳಗೆ ಇಳಿಯಲಾರದೆ ಮೇಲ್ಮೈ ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಗಮನದಲ್ಲಿರಲಿ.

ಆಗಲೇ ಪುಡಿಯಾಗುತ್ತಿರುವ ನೆಲ

ಮೊಳೆಯಿಂದ ಗೀರಿ ನೋಡಿ. ಬರಿ ಬಿಳಿ ಗೆರೆ ಬಿದ್ದರೆ ನೆಲ ಸರಿಯಾಗಿದೆ. ಪುಡಿ ಎದ್ದರೂ ಕೆಳಗೆ ಗಟ್ಟಿಯಿದ್ದರೆ ಸೋಡಿಯಂ ಸಿಲಿಕೇಟ್ ಬಳಸಬಹುದು. ಇದು ಕಾಂಕ್ರೀಟಿನಲ್ಲಿರುವ ಸುಣ್ಣದೊಡನೆ ಕೂಡಿ ರಂಧ್ರಗಳನ್ನು ತುಂಬುತ್ತದೆ. ನೆಲವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಒಂದು ಭಾಗ ಸಿಲಿಕೇಟಿಗೆ ನಾಲ್ಕು ಭಾಗ ನೀರು ಬೆರೆಸಿ ಮೆತ್ತನೆಯ ಪೊರಕೆಯಿಂದ ಹಚ್ಚಬೇಕು. ಒಂದೊಂದು ದಿನ ಬಿಟ್ಟು ಮೂರು ಸಲ ಹಚ್ಚಿ, ಪ್ರತಿ ಸಲ ಮುಂಚೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಕೈ, ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಕೊನೆಯ ಸಲ ಚೆನ್ನಾಗಿ ತೊಳೆದು ಕೆಲವು ದಿನ ಬಿಟ್ಟೇ ಕಾಳು ಹರಡಬೇಕು. ಗೀರಿದಾಗ ಕಾಲು ಅಂಗುಲದವರೆಗೂ ಮೆತ್ತಗಿದ್ದರೆ ಸಿಲಿಕೇಟಿನಿಂದ ಏನೂ ಆಗದು. ಆ ಅಂಕಣವನ್ನು ಒಡೆದು ಪೂರ್ತಿ ದಪ್ಪಕ್ಕೆ ಹೊಸದಾಗಿ ಹಾಕಬೇಕಾಗುತ್ತದೆ. ಅಂಕಣಗಳಾಗಿ ಹಾಕಿದ್ದರೆ ಒಂದನ್ನೇ ಬದಲಾಯಿಸಬಹುದು.

ಬಿತ್ತನೆ ಕಾಯಿಗೆ ಎಚ್ಚರಿಕೆ

ಸಿಮೆಂಟು ಕಣ ಕಾಯಿಯನ್ನು ಬೇಗ ಒಣಗಿಸುತ್ತದೆ. ಬಿತ್ತನೆಗೆ ಇಡುವ ಕಾಯಿಗೆ ಅದೇ ಮುಳುವಾಗಬಹುದು. ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾದ ನೆಲದ ಮೇಲೆ ತೆಳ್ಳಗೆ ಹರಡಿದ ಕಾಯಿಯ ಮೊಳೆಯುವ ಶಕ್ತಿ ಕುಗ್ಗುತ್ತದೆ. ಬಿತ್ತನೆ ಕಾಯಿಯನ್ನು ಕಣದಲ್ಲಿ ಒಣಗಿಸುವುದಾದರೆ ಕೆಳಗೆ ಗೋಣಿತಾಟು ಹಾಸಿ, ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಮಾತ್ರ ಬಿಸಿಲಿಗೆ ಬಿಟ್ಟು, ನಡುಹಗಲು ನೆರಳಿಗೆ ತೆಗೆಯಬೇಕು. ರಾತ್ರಿ ಇಬ್ಬನಿ ಬೀಳುವುದರಿಂದ ಯಾವ ಕಾಯಿಯನ್ನೂ ಹರಡಿ ಬಿಡದೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ತೇವಾಂಶ ನೂರಕ್ಕೆ ೮ಕ್ಕೆ ಇಳಿದಾಗ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ, ಬೀಜವನ್ನು ಬೆರಳಲ್ಲಿ ಹೊಸಕಿದರೆ ಸಿಪ್ಪೆ ಬಿಡುತ್ತದೆ. ಆಗ ಚೀಲಕ್ಕೆ ತುಂಬಬಹುದು.